ಕೋಸಂಬರಿ ಕಲೆಸುತ್ತಾ ಇಂಗ್ಲಿಷ್: ನಾಲ್ಕು ಭಾನುವಾರಗಳ ತರಗತಿ

ಕನ್ನಡ ಮಾಧ್ಯಮದಲ್ಲಿ ಎರಡನೆಯ ತರಗತಿ ಓದುತ್ತಿರುವ ಮಗಳನ್ನು, ಮೈಸೂರಿನ ನಮ್ಮ ಬಡಾವಣೆಯಲ್ಲೇ ನಡೆಯುವ, ಅಡುಗೆಯ ಮೂಲಕ ಇಂಗ್ಲಿಷ್ ಕಲಿಸುವ ವಾರಾಂತ್ಯದ ತರಗತಿಗೆ ಸೇರಿಸಿದ್ದೆ. ನಾಲ್ಕು ಭಾನುವಾರ, ದಿನಕ್ಕೆ ಎರಡು ಗಂಟೆ, ಶುಲ್ಕ 1,200 ರೂಪಾಯಿ. ಒಲೆ ಹಚ್ಚುವುದಿಲ್ಲ, ಹರಿತವಾದ ಚಾಕು ಕೊಡುವುದಿಲ್ಲ ಎಂಬ ಭರವಸೆಯ ಮೇಲೆಯೇ ನಾನು ಒಪ್ಪಿದ್ದು. ಪೋಷಕರು ಹಿಂದೆ ಕೂರಲು ಅವಕಾಶವಿದ್ದುದರಿಂದ ನಡೆದದ್ದನ್ನೆಲ್ಲ ಕಣ್ಣಾರೆ ಕಂಡಿದ್ದೇನೆ.

ಮೊದಲ ವಾರ ಹೆಸರುಬೇಳೆ ಕೋಸಂಬರಿ. ಮಕ್ಕಳು ಬಂದ ಕೂಡಲೇ ಬೇಳೆ ತೊಳೆಸಿ ನೆನೆಹಾಕಿಸಿದ ಶಿಕ್ಷಕಿ, ಅದು ನೆನೆಯುವ ಒಂದು ಗಂಟೆಯಲ್ಲಿ ಸೌತೆಕಾಯಿ, ನಿಂಬೆಹಣ್ಣು, ಕೊತ್ತಂಬರಿ ಸೊಪ್ಪುಗಳನ್ನು ಒಂದೊಂದಾಗಿ ಕೈಗೆ ಕೊಟ್ಟು ಪಾಠ ಆರಂಭಿಸಿದರು. 'ಪೀಲ್ ದಿ ಕುಕುಂಬರ್' ಎನ್ನುತ್ತಲೇ ತಾವು ಸಿಪ್ಪೆ ಹೆರೆದು ತೋರಿಸುವುದು, ಆಮೇಲೆ ಬರೀ ಮಾತು ಹೇಳಿ ಮಕ್ಕಳಿಂದ ಮಾಡಿಸುವುದು. ಬಾಯಿಬಿಟ್ಟು ಹೇಳೆಂದು ಯಾರನ್ನೂ ಒತ್ತಾಯಿಸಲಿಲ್ಲ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಆಶರ್ 1960ರ ದಶಕದಲ್ಲಿ ರೂಪಿಸಿದ, ಆಜ್ಞೆ ಕೇಳಿ ಅದರಂತೆ ಮಾಡುತ್ತಾ ಭಾಷೆ ಕಲಿಯುವ ಕ್ರಮವೇ ಇದು. ಅಡುಗೆ ಹೇಳಿಕೊಡುವುದೆಂದರೆ ಮೊದಲಿನಿಂದ ಕೊನೆಯವರೆಗೂ ಆಜ್ಞೆಗಳೇ ಆದ್ದರಿಂದ ಎರಡೂ ಚೆನ್ನಾಗಿ ಹೊಂದಿಕೊಂಡವು. ನಾವು 'ಸೌತೆಕಾಯಿ ಹೆಚ್ಚು' ಎಂದು ಕ್ರಿಯಾಪದವನ್ನು ಕೊನೆಗಿಡುತ್ತೇವೆ, ಇಂಗ್ಲಿಷಿನಲ್ಲಿ ಅದು ಮೊದಲೇ ಬಂದು ಕೂರುತ್ತದೆ ಎಂಬುದು ವ್ಯಾಕರಣದ ಹೆಸರೆತ್ತದೆಯೇ ಮಕ್ಕಳಿಗೆ ರೂಢಿಯಾಯಿತು. 'ಸ್ಕ್ವೀಝ್' ಮಾತ್ರ ಅರ್ಧ ಮಕ್ಕಳ ಬಾಯಲ್ಲಿ 'ಇಸ್ಕ್ವೀಜ್' ಆಗಿಯೇ ಉಳಿಯಿತು. ನಿಂಬೆಹಣ್ಣಿಗೆ ಅದರಿಂದೇನೂ ತೊಂದರೆಯಾಗಲಿಲ್ಲ.

ನನಗೆ ಅತ್ಯಂತ ಮೆಚ್ಚುಗೆಯಾದದ್ದು ಎರಡನೆಯ ವಾರದ ಪಾನಕ. ನಿಂಬೆಹಣ್ಣು ಎಷ್ಟು, ಬೆಲ್ಲ ಎಷ್ಟು ಎಂದು ಕನ್ನಡದಲ್ಲಿ ಒಂದೇ ಪದದಿಂದ ಕೇಳುತ್ತೇವೆ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ 'ಹೌ ಮೆನಿ', ಎರಡನೆಯದಕ್ಕೆ 'ಹೌ ಮಚ್'. ದೊಡ್ಡವರೂ ಎಡವುವ ಈ ಭೇದವನ್ನು ಶಿಕ್ಷಕಿ ಎರಡು ತಟ್ಟೆಗಳಲ್ಲಿ ತೋರಿಸಿದರು: ಎಣಿಸುವ ಪದಾರ್ಥಗಳು ಎಡಕ್ಕೆ, ಅಳೆಯುವಂಥವು ಬಲಕ್ಕೆ. ಬೆಲ್ಲದ ಅಚ್ಚನ್ನು ಎಣಿಸಬಹುದಲ್ಲ, ಅದು ಎಲ್ಲಿಗೆ ಎಂದು ಒಬ್ಬ ಹುಡುಗ ತಕರಾರು ತೆಗೆದಾಗ, ಅದನ್ನು ಅವನ ಕೈಯಿಂದಲೇ ಕುಟ್ಟಿಸಿ ಪುಡಿಯನ್ನು ಬಲಗಡೆಯ ತಟ್ಟೆಗೆ ಸುರಿಸಿದರು.

ಮೂರನೆಯ ವಾರದ ಹಣ್ಣಿನ ರಸಾಯನದಲ್ಲಿ ಹೊಸತೇನೂ ಇರಲಿಲ್ಲ. ಅಂದು ಬಂದಿದ್ದ ಬದಲಿ ಶಿಕ್ಷಕಿ, 'ತುರಿಮಣೆ ಎಲ್ಲಿ ಮಿಸ್?' ಎಂದ ಹುಡುಗಿಯನ್ನು ಕನ್ನಡ ಆಡಿದ್ದಕ್ಕಾಗಿ ಗದರಿದ್ದು ನನಗೆ ಸರಿಕಾಣಲಿಲ್ಲ. ಆ ಪದವನ್ನೇ ಹಿಡಿದು 'ಗ್ರೇಟರ್' ಎಂದು ಕಲಿಸಲು ಅದಕ್ಕಿಂತ ಒಳ್ಳೆಯ ಸಂದರ್ಭ ಬೇರೆ ಯಾವುದಿತ್ತು? ಹದಿನಾಲ್ಕು ಮಕ್ಕಳಿಗೆ ಇದ್ದದ್ದು ಎರಡೇ ತುರಿಮಣೆ ಎಂಬುದೂ ನಿಜ. ಕೊನೆಯ ಭಾನುವಾರವಂತೂ ಸ್ಯಾಂಡ್‌ವಿಚ್ಚನ್ನು ಮೊದಲೇ ಜೋಡಿಸಿಟ್ಟು, ಮಕ್ಕಳ ತಲೆಗೆ ಕಾಗದದ ಟೋಪಿ ತೊಡಿಸಿ ಫೋಟೊ ತೆಗೆಯುವುದರಲ್ಲೇ ಮುಗಿಯಿತು.

ಮುಂದಿನ ತಂಡಕ್ಕೆ ಸೇರಿಸಬೇಕೆಂದಿರುವವರು ಶುಲ್ಕ ಕಟ್ಟುವ ಮೊದಲು ಎರಡು ವಿಷಯ ಕೇಳಿಕೊಳ್ಳುವುದು ಒಳ್ಳೆಯದು: ಒಟ್ಟು ಮಕ್ಕಳೆಷ್ಟು, ನಾಲ್ಕು ವಾರವೂ ಒಬ್ಬರೇ ಶಿಕ್ಷಕಿ ಇರುತ್ತಾರೆಯೇ. ಮೊದಲ ಎರಡು ವಾರ ಕಲಿಸಿದವರೇ ಕೊನೆಯವರೆಗೂ ಇರುವುದಾದರೆ ನಾನು ಮಗಳನ್ನು ಮತ್ತೆ ಕಳುಹಿಸುತ್ತೇನೆ.