‘ಕರೆಂಟ್ ಹೋದರೂ ಡೇಟಾ ಹೋಗಲ್ಲ’ ಅಂತ ವಿಎಂ ಕೊಡುವವರ ಬಗ್ಗೆ ಹುಷಾರು

ಶಿವಮೊಗ್ಗ ಕಡೆ ಯಾರಾದರೂ ‘ನಮ್ಮ ವಿಎಂನಲ್ಲಿ ಪರ್ಸಿಸ್ಟೆಂಟ್ ಮೆಮೊರಿ ಇದೆ’ ಅಂತ ಬಾಡಿಗೆ ಜಾಸ್ತಿ ಕೇಳಿದರೆ ದಯವಿಟ್ಟು ದುಡ್ಡು ಕೊಡುವ ಮೊದಲು ಇದನ್ನು ಓದಿ. ವಿಎಂ ಅಂದರೆ ದೊಡ್ಡ ಸರ್ವರ್ ಒಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಬಾಡಿಗೆ ಕಂಪ್ಯೂಟರ್ (ವರ್ಚುವಲ್ ಮಷೀನ್). ಪರ್ಸಿಸ್ಟೆಂಟ್ ಮೆಮೊರಿ, ಅಂದರೆ ಪಿಮೆಮ್, ಕರೆಂಟ್ ಹೋದರೂ ಬರೆದದ್ದನ್ನು ಉಳಿಸಿಕೊಳ್ಳುವ ಮೆಮೊರಿ. ಹೆಸರು ಹಾಕುವುದಿಲ್ಲ. ಮುಂಗಡ ಇನ್ನೂ ಅವರ ಕೈಯಲ್ಲೇ ಇದೆ.

ನಾನು ಅಡಿಕೆ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ನಡೆಸುತ್ತೇನೆ. ರಾಶಿ, ಬೆಟ್ಟೆ, ಸರಕು, ಗೊರಬಲು, ಎಲ್ಲ ತೂಕ ಆದ ತಕ್ಷಣ ಎಂಟ್ರಿ ಬೀಳಬೇಕು. ಮಲೆನಾಡಿನ ಕರೆಂಟ್ ಕಥೆ ಗೊತ್ತಲ್ವಾ, ನಾಲ್ಕು ಹನಿ ಬಿದ್ದರೆ ಸಾಕು. ಅದಕ್ಕೇ ಜಾಸ್ತಿ ದುಡ್ಡು ಕೊಟ್ಟು ಇದನ್ನು ತಗೊಂಡಿದ್ದು.

ನಂಬಿಸಿದ ರೀತಿ ನೋಡಿ. ನನ್ನೆದುರೇ ಒಂದು ಫೈಲ್ ಬರೆದು ವಿಎಂ ರೀಬೂಟ್ ಮಾಡಿದರು. ಫೈಲ್ ಅಲ್ಲೇ ಇತ್ತು. ಪೂರ್ತಿ ಆಫ್ ಮಾಡಿ ಆನ್ ಮಾಡಿದರು. ಆಗಲೂ ಇತ್ತು. ‘ನೋಡಿದ್ರಾ ಸಾರ್?’ ಅಂತ ನಗು ಬೇರೆ. ಡ್ಯಾಶ್‌ಬೋರ್ಡ್‌ನಲ್ಲಿ ‘ಪಿಮೆಮ್ ಹೆಲ್ತ್’ ಎದುರು ಹಸಿರು ಚುಕ್ಕೆ.

ಮೇ ತಿಂಗಳ ಒಂದು ಸಂಜೆ ಗುಡುಗು ಸಿಡಿಲಿನ ಮಳೆ. ಅವರ ಸರ್ವರ್ ಇರುವ ಕಟ್ಟಡದಲ್ಲಿ ಕರೆಂಟ್ ಹೋಯಿತು, ಯುಪಿಎಸ್ ಕೈಕೊಟ್ಟಿತು. ಎಲ್ಲ ವಾಪಸ್ ಬಂದಾಗ ನನ್ನ ಪಿಮೆಮ್ ಡಿಸ್ಕ್ ಖಾಲಿ. ಫೈಲ್ ಸಿಸ್ಟಮ್ ಕೂಡ ಇಲ್ಲ. ಹಸಿರು ಚುಕ್ಕೆ ಮಾತ್ರ ಹಾಗೇ ಇದೆ! ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು, ಆ ದಿನದ ಲೆಕ್ಕ ಪೂರ್ತಿ ಹೋಯಿತು. ಮಂಡಿಯಲ್ಲಿ ಕೂತು ತೂಕದ ಚೀಟಿ ಒಂದೊಂದೇ ನೋಡಿ ಮತ್ತೆ ಟೈಪ್ ಮಾಡಬೇಕಾಯಿತು. ‘ಪುಸ್ತಕದಲ್ಲೇ ಬರ್ಕೊಂಡಿದ್ರೆ ಆಗ್ತಿತ್ತಲ್ಲ ತಮ್ಮಾ’ ಅಂದರು ಸಾಹುಕಾರರು. ತಲೆ ಎತ್ತಲಿಲ್ಲ ನಾನು.

ಫೋನ್ ಮಾಡಿದರೆ ಉತ್ತರ: ‘ಹೆಲ್ತ್ ಓಕೆ ತೋರಿಸ್ತಿದೆ ಸಾರ್. ನಿಮ್ಮ ಸಾಫ್ಟ್‌ವೇರೇ ಅಳಿಸಿರ್ಬೇಕು.’

ನನ್ನ ಸಾಫ್ಟ್‌ವೇರಂತೆ! ವಿಎಂ ಒಳಗೆ ಎನ್‌ಡಿಸಿಟಿಎಲ್ (ಇಂಥ ಮೆಮೊರಿಯ ಸ್ಥಿತಿ ತೋರಿಸುವ ಲಿನಕ್ಸ್ ಟೂಲ್) ಹಾಕಿ ಹೆಲ್ತ್ ಕೇಳಿದೆ. ನಿಜವಾದ ಪಿಮೆಮ್ ಮಾಡ್ಯೂಲ್ ಆದರೆ ಸ್ಥಿತಿ, ಬಿಸಿ, ಉಳಿದಿರುವ ಸ್ಪೇರ್ (ಮೀಸಲು ಜಾಗ) ಎಷ್ಟು ಶೇಕಡಾ, ಹಿಂದಿನ ಸಲ ಸರಿಯಾಗಿ ಆಫ್ ಆಗಿತ್ತಾ ಇಲ್ಲವಾ, ಇಂಥದ್ದನ್ನೆಲ್ಲ ಹೇಳುತ್ತದೆ. ನನಗೆ ಬಂದಿದ್ದು ಬರೀ ಡಿವೈಸ್ ಹೆಸರು. ವಿಎಂ ನಡೆಸುವ ಸಾಫ್ಟ್‌ವೇರ್ ಕ್ಯೂಇಎಂಯು ತೋರಿಸುವ ವರ್ಚುವಲ್ ಎನ್‌ವಿಡಿಐಎಂ (ಪಿಮೆಮ್ ಮಾಡ್ಯೂಲ್‌ನ ನಕಲು) ಆ ವಿವರವನ್ನೇ ಒಳಗೆ ಕೊಡುವುದಿಲ್ಲ. ಹಾಗಾದರೆ ಚುಕ್ಕೆ ಹಸಿರಾಗಿದ್ದು ಹೇಗೆ? ಅವರು ಹಾಕಿದ್ದ ಸ್ಕ್ರಿಪ್ಟ್ ತೆಗೆದು ನೋಡಿದೆ. ಪಿಮೆಮ್ ಅನ್ನೋ ಡಿವೈಸ್ ಇದೆಯಾ? ಇದ್ದರೆ ‘ಓಕೆ’. ಮುಗೀತು. ಬೋರ್ಡ್ ನೇತಾಡ್ತಿದ್ದರೆ ಅಂಗಡಿ ತೆರೆದಿದೆ ಅಂದ ಹಾಗೆ.

ಜಗಳ ಆಡಿ ಆಡಿ ಕೊನೆಗೆ ಹೋಸ್ಟ್‌ನ (ವಿಎಂ ಓಡುವ ಅಸಲಿ ಸರ್ವರ್‌ನ) ಸ್ಕ್ರೀನ್‌ಶಾಟ್ ಕಳಿಸಿದರು. ನನ್ನ ಪಿಮೆಮ್‌ನ ಡೇಟಾ ನಿಜವಾಗಿ ಕೂತಿದ್ದ ಫೈಲ್ ಇದ್ದದ್ದು ‘/ಡೆವ್/ಎಸ್‌ಎಚ್‌ಎಂ’ನಲ್ಲಿ. ಅಂದರೆ ಹೋಸ್ಟ್‌ನ ಮಾಮೂಲಿ ರ‍್ಯಾಮ್! ಹೋಸ್ಟ್ ಆನ್ ಇರುವ ತನಕ ವಿಎಂ ಎಷ್ಟು ಸಲ ಆಫ್ ಮಾಡಿದರೂ ಫೈಲ್ ಅಲ್ಲೇ ಇರುತ್ತದೆ. ಡೆಮೋದ ಗುಟ್ಟು ಅದೇ.

ಕೇಳಿದರೆ, ‘ವಿಎಂ ದೃಷ್ಟಿಯಿಂದ ಅದು ಪರ್ಸಿಸ್ಟೆಂಟೇ ಅಲ್ವಾ ಸಾರ್?’

ವಿಎಂ ದೃಷ್ಟಿಯಂತೆ. ಆಮೇಲೆ ‘ಇಂಟೆಲ್‌ನವರ ಹೊಸ ಆಪ್ಟೇನ್ ತರಿಸ್ತೀವಿ, ಸ್ವಲ್ಪ ಟೈಮ್ ಕೊಡಿ’ ಅಂದರು. ಮಾರಾಯ್ರೆ, ಆ ಪಿಮೆಮ್ ಮಾಡ್ಯೂಲ್‌ಗಳ ಆಪ್ಟೇನ್ ವ್ಯವಹಾರ ಮುಚ್ಚುತ್ತೇವೆ ಅಂತ ಇಂಟೆಲ್ 2022ರಲ್ಲೇ ಹೇಳಿಯಾಗಿದೆ.

ತಗೊಳ್ಳಲೇಬೇಕಾದರೆ ಹೋಸ್ಟ್‌ನಲ್ಲೇ ಎನ್‌ಡಿಸಿಟಿಎಲ್ ಹೆಲ್ತ್ ಓಡಿಸಿ ತೋರಿಸಿ ಅನ್ನಿ. ವಿಎಂ ಒಳಗಿನ ಚುಕ್ಕೆ ಬೇಡ. ಡೆಮೋದಲ್ಲಿ ವಿಎಂ ಅಲ್ಲ, ಹೋಸ್ಟ್‌ನ ವೈರ್ ಕೀಳಿಸಿ. ‘ಫೈಲ್ ಎಸ್‌ಎಸ್‌ಡಿ ಮೇಲಿದೆ’ ಅಂದರೂ ಸುಮ್ನೆ ಒಪ್ಪಬೇಡಿ. ಎನ್‌ವಿಡಿಐಎಂ ಅಂತ ತೋರಿಸಿದ್ದರೆ ವಿಎಂ ಮಾಡುವ ಫ್ಲಶ್ (ಬರೆದದ್ದನ್ನು ಈಗಲೇ ಉಳಿಸು ಅನ್ನುವ ಆದೇಶ) ಹೋಸ್ಟ್‌ನ ಪೇಜ್ ಕ್ಯಾಶ್ (ಡಿಸ್ಕ್‌ಗೆ ಹೋಗುವ ಮೊದಲು ಡೇಟಾ ಕೂರುವ ರ‍್ಯಾಮ್) ದಾಟುವುದಿಲ್ಲ, ಆಗಷ್ಟೇ ಬರೆದದ್ದು ಕರೆಂಟ್ ಜೊತೆಗೇ ಹೋಗಬಹುದು.

ಮುಂಗಡ ಕೇಳಿದ್ದಕ್ಕೆ ‘ಮುಂದಿನ ತಿಂಗಳ ಬಾಡಿಗೆಯಲ್ಲಿ ಅಡ್ಜಸ್ಟ್ ಮಾಡ್ತೀವಿ ಸಾರ್’ ಅಂದಿದ್ದಾರೆ. ಯಾವ ಮುಂದಿನ ತಿಂಗಳು? ವಿಎಂ ಖಾಲಿ ಮಾಡಿ ಆಯಿತಲ್ಲ!