ಮೊದಲ ಆಲ್ಬಮ್ ಬಿಡೋ ರ‍್ಯಾಪರ್‌ಗಳೇ, ಆ ಪಿಡಿಎಫ್‌ಗೆ ಸಹಿ ಹಾಕೋ ಮುಂಚೆ ಇದನ್ನ ಓದಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಮೊದಲ ಆಲ್ಬಮ್ ಹೊರಗೆ ಬಿಡೋಕೆ ತಯಾರಾಗಿರೋ ಹುಡುಗರು, ಹುಡುಗಿಯರು ದಯವಿಟ್ಟು ಪೂರ್ತಿ ಓದಿ. ವಾಟ್ಸಾಪಿನಲ್ಲಿ ಪಿಡಿಎಫ್ ಆಗಿ ಬಂದ ಮೂರು ಪುಟದ ಕರಾರಿಗೆ ಅರ್ಧ ಗಂಟೆಯಲ್ಲಿ ಸಹಿ ಹಾಕಿ ನಾವು ಎರಡು ವರ್ಷದ ಕೆಲಸ ಕಳೆದುಕೊಂಡಿದ್ದೇವೆ.

ನಾವು ನಾಲ್ಕು ಜನ. ಹಳೇ ಹುಬ್ಬಳ್ಳಿಯಲ್ಲಿ ಗೆಳೆಯನ ಮನೆಯ ಮೇಲಿನ ಕೋಣೆಯೇ ನಮ್ಮ ಸ್ಟುಡಿಯೋ. ದನಿ ಗೋಡೆಗೆ ಬಡಿದು ವಾಪಸ್ ಬರಬಾರದು ಅಂತ ಅವನ ತಾಯಿ ಹೊಲಿದ ಕೌದಿಗಳನ್ನು ಸುತ್ತಲೂ ನೇತು ಹಾಕಿದ್ದೆವು. ಏಪ್ರಿಲ್ ಬಿಸಿಲಲ್ಲಿ ಫ್ಯಾನ್ ಆರಿಸಿ, ಬಾಗಿಲು ಹಾಕಿ, ಒಂದೊಂದು ವರ್ಸನ್ನು ಹದಿನೈದು ಇಪ್ಪತ್ತು ಸಲ ಹೇಳಿದ್ದೇವೆ. ಒಟ್ಟು 8 ಹಾಡು. ಐದಕ್ಕೆ ಬೀಟ್ (ಮಾತಿನ ಹಿಂದಿನ ಸಂಗೀತ) ಆ ಗೆಳೆಯನೇ ಎಫ್‌ಎಲ್ ಸ್ಟುಡಿಯೋ ಅನ್ನೋ ಸಾಫ್ಟ್‌ವೇರಿನಲ್ಲಿ ಮಾಡಿದ, ಮೂರನ್ನು ಆನ್‌ಲೈನಿನಲ್ಲಿ ಲೀಸ್‌ಗೆ, ಅಂದ್ರೆ ಬಾಡಿಗೆ ಥರ, ತಗೊಂಡೆವು. ಅವನು ಮಾಡಿದ್ದರಲ್ಲಿ ಒಂದಕ್ಕೆ ಡ್ರಮ್ಮೇ ಇಲ್ಲ. ಅಣ್ಣಿಗೇರಿಯಲ್ಲಿ ಅವನ ಅಜ್ಜಿ ಬೀಸುಕಲ್ಲು ತಿರುಗಿಸೋದನ್ನ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು, ಆ ಗರಗರ ಸದ್ದನ್ನೇ ಕತ್ತರಿಸಿ ತಾಳ ಕಟ್ಟಿದ. ಕಲ್ಲು ಒಂದು ಸುತ್ತು ಮುಗಿಸುವಾಗ ಸಣ್ಣಗೆ ಟಕ್ ಅನ್ನುತ್ತೆ. ಸ್ನೇರ್ ಡ್ರಮ್ಮಿನ ಪೆಟ್ಟು ಬೀಳಬೇಕಾದ ಕಡೆ ಅದೇ ಬೀಳುತ್ತೆ. ನಮಗೆ ಇಡೀ ಆಲ್ಬಮ್ಮಿನಲ್ಲಿ ತುಂಬಾ ಇಷ್ಟದ ಹಾಡು ಅದು.

ಉಣಕಲ್ ಕೆರೆ ಹತ್ತಿರ ಒಂದು ಭಾನುವಾರ ಸೈಫರ್ (ಸುತ್ತ ನಿಂತು ಸರದಿಯಲ್ಲಿ ರ‍್ಯಾಪ್ ಹೇಳೋದು) ಮಾಡಿದ್ದೆವು. ಅಲ್ಲಿ ಒಬ್ಬರು ಬಂದು ಪರಿಚಯ ಮಾಡಿಕೊಂಡರು, ಲೇಬಲ್ (ಹಾಡು ಹೊರತರೋ ಕಂಪನಿ) ನಡೆಸ್ತೀನಿ ಅಂದರು. ಹೆಸರು ಹಾಕಲ್ಲ. ಸ್ಪಾಟಿಫೈ 2024ರಿಂದ, ಹಿಂದಿನ 12 ತಿಂಗಳಲ್ಲಿ 1000 ಸಲವಾದರೂ ಕೇಳದ ಹಾಡಿಗೆ ದುಡ್ಡೇ ಕೊಡೋದಿಲ್ಲ. ನಮ್ಮಂಥ ಹೊಸಬರಿಗೆ ಅದೇ ದೊಡ್ಡ ಭಯ, ಆ ಮನುಷ್ಯ ಹಿಡಿದಿದ್ದೂ ಅದನ್ನೇ. "ಪ್ಲೇಲಿಸ್ಟಿಗೆ ನಾನ್ ಹಾಕಿಸ್ತೀನಿ, ನೀವ್ ಒಂದ್ ರೂಪಾಯಿ ಕೊಡಬ್ಯಾಡ್ರಿ, 70 ನಿಮಗ 30 ನನಗ." ರಾತ್ರಿ ಹತ್ತಕ್ಕೆ ಪಿಡಿಎಫ್ ಬಂತು, ನಾಳೆ ಬೆಳಿಗ್ಗೆನೇ ಅಪ್‌ಲೋಡ್ ಆಗಬೇಕು, ಬೇಗ ಸಹಿ ಹಾಕಿ ಅಂದರು. ಎಲ್ಲಾ ಇಂಗ್ಲಿಷಿನಲ್ಲಿ. ನಮ್ಮ ಕಣ್ಣಿಗೆ ಬಿದ್ದಿದ್ದು 70-30 ಅಷ್ಟೇ. ಅದರ ಮೇಲಿನ ಸಾಲಿನಲ್ಲೇ ಎಂಟೂ ಹಾಡಿನ ಮಾಸ್ಟರ್ ಹಕ್ಕು (ರೆಕಾರ್ಡಿಂಗಿನ ಒಡೆತನ) ಇಡೀ ಜಗತ್ತಿಗೆ, ಎಂದೆಂದಿಗೂ ಲೇಬಲ್‌ಗೆ ಅಂತ ಬರೆದಿತ್ತು.

ಆಲ್ಬಮ್ ಬಂದ ಎರಡು ವಾರಕ್ಕೆ ಗೆಳೆಯನ ಫೋನ್. "ಲೇ, ನಮ್ಮ ಚಾನೆಲ್‌ನ್ಯಾಗ ನಮ್ಮ ಹಾಡಿಗೇ ಕ್ಲೇಮ್ ಬಂದೈತಿ." ಕ್ಲೇಮ್ ಅಂದ್ರೆ ಈ ಹಾಡು ನಮ್ಮದು ಅಂತ ಬೇರೆಯವರು ಹಕ್ಕು ಹೇಳೋದು. ಯಾವ ಹಾಡು ಅಂದೆ. ಬೀಸುಕಲ್ಲಿನ ಹಾಡು. ಆ ಲೇಬಲ್‌ನವರು ಎಲ್ಲಾ ಹಾಡನ್ನೂ ಯೂಟ್ಯೂಬ್‌ನ ಕಂಟೆಂಟ್ ಐಡಿಗೆ (ಯಾರ ವಿಡಿಯೋದಲ್ಲಿ ಯಾವ ಹಾಡಿದೆ ಅಂತ ತಾನೇ ಗುರುತಿಸೋ ವ್ಯವಸ್ಥೆ) ತಮ್ಮ ಹೆಸರಿನಲ್ಲಿ ಸೇರಿಸಿದ್ದರು. ವಿಡಿಯೋ ಹಾಗೇ ಇರುತ್ತೆ, ಜಾಹೀರಾತಿನ ದುಡ್ಡು ಮಾತ್ರ ಅವರಿಗೆ. ತಕರಾರು ಹಾಕಿದೆವು. ಉತ್ತರ ಕೊಡೋಕೆ ಅವರಿಗೆ 30 ದಿನ ಟೈಮ್ ಇರುತ್ತೆ. ಸುಮ್ನೆ ಕಾಯಿಸಿ, ಕೊನೆಗೆ ನಮ್ಮದೇ ಸಹಿ ತೋರಿಸಿ ಕ್ಲೇಮ್ ಸರಿ ಅಂದರು. "ನಮ್ಮಜ್ಜಿ ಬೀಸುಕಲ್ಲಿಗೆ ಇಂವ ಯಾಂವ ಮಾಲಕ?" ಅಂತ ಗೆಳೆಯ ಅವತ್ತು ಕೌದಿಗೆ ಮುಖ ಇಟ್ಟುಕೊಂಡು ಅತ್ತ.

ಇನ್ನೊಂದು ಪೆಟ್ಟು ಲೀಸ್ ಬೀಟುಗಳದ್ದು, ಇದರಲ್ಲಿ ನಮ್ಮ ತಪ್ಪೂ ಇದೆ. ಲೀಸ್ ಅಂದ್ರೆ ಅದೇ ಬೀಟನ್ನ ಬೇರೆಯವರಿಗೂ ಕೊಟ್ಟಿರ್ತಾರೆ. ಅದಕ್ಕೇ ಕಂಟೆಂಟ್ ಐಡಿಗೆ ಹಾಕಬಾರದು ಅಂತ ಲೈಸೆನ್ಸಿನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತೆ, ನಮ್ಮದರಲ್ಲೂ ಇತ್ತು. ನಾವು ಅದನ್ನ ಓದಿರಲೂ ಇಲ್ಲ, ಲೇಬಲ್‌ಗೆ ಹೇಳಿರಲೂ ಇಲ್ಲ. ಎಲ್ಲೋ ಬೇರೆ ಊರಿನ ಹುಡುಗರು ಅದೇ ಬೀಟಿನ ಮೇಲೆ ಮಾಡಿದ ಹಾಡುಗಳಿಗೂ ಕ್ಲೇಮ್ ಹೋಯಿತು, ಅವರು ನಮಗೆ ಬೈದು ಮೆಸೇಜ್ ಹಾಕಿದರು, ಬೀಟ್ ಮಾಡಿದವರು ದೂರು ಕೊಟ್ಟು ಮೂರೂ ಹಾಡನ್ನು ತೆಗೆಸಿದರು. ಅಷ್ಟರಲ್ಲಿ ಲೇಬಲ್‌ನವರು ಫೋನ್ ಎತ್ತೋದೇ ನಿಲ್ಲಿಸಿದ್ದರು. ಹಾಡನ್ನ ಸ್ಪಾಟಿಫೈನಂಥ ಕಡೆ ತಲುಪಿಸೋ ಡಿಸ್ಟ್ರಿಬ್ಯೂಟರ್ ಕಂಪನಿಯ ಖಾತೆ ಅವರ ಇಮೇಲಿನಲ್ಲಿ. ಎಷ್ಟು ಜನ ಕೇಳಿದ್ದಾರೆ, ಎಷ್ಟು ದುಡ್ಡು ಬಂದಿದೆ, ನಮಗೆ ಏನೂ ಕಾಣಲ್ಲ.

ಧಾರವಾಡದಲ್ಲಿ ಪರಿಚಯದ ವಕೀಲರೊಬ್ಬರಿಗೆ ಕಾಗದ ತೋರಿಸಿದೆವು. ಪೆನ್ನಿನಿಂದ ಒಂದೇ ಪದದ ಕೆಳಗೆ ಗೆರೆ ಎಳೆದರು: ಎಂದೆಂದಿಗೂ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಕರಾರಿನಲ್ಲಿ ಅವಧಿ ಬರೆಯದೇ ಇದ್ದಿದ್ದರೆ 5 ವರ್ಷ ಅಂತ ಹಿಡೀತಾರಂತೆ, ಜಾಗ ಬರೆಯದೇ ಇದ್ದರೆ ಭಾರತ ಮಾತ್ರ. ನಮ್ಮದರಲ್ಲಿ ಎರಡೂ ಬರೆದಿತ್ತು. ಒಂದೇ ಆಸರೆ ಅಂದ್ರೆ 2012ರ ತಿದ್ದುಪಡಿ. ಸಾಹಿತ್ಯ ಬರೆದವರು, ಸಂಗೀತ ಕಟ್ಟಿದವರು ರಾಯಲ್ಟಿಯ (ಹಾಡು ಬಳಸಿದ್ದಕ್ಕೆ ಬರೋ ದುಡ್ಡಿನ) ಸಮಪಾಲನ್ನು ಲೇಬಲ್‌ಗೆ ಬಿಟ್ಟುಕೊಡ್ತೀನಿ ಅಂತ ಸಹಿ ಹಾಕಿದರೂ ಅದು ನಡೆಯಲ್ಲ. ಆ ಆಧಾರದ ಮೇಲೆ ನೋಟಿಸ್ ಕಳಿಸಿದ್ದೇವೆ.

ನೀವು ಹೀಗೆ ಮಾಡಿ. ಡಿಸ್ಟ್ರಿಬ್ಯೂಟರ್ ಖಾತೆಯನ್ನ ನಿಮ್ಮ ಇಮೇಲಿನಲ್ಲೇ ತೆರೆಯಿರಿ, ವರ್ಷಕ್ಕೆ ಒಂದೆರಡು ಸಾವಿರ ಹೋದರೂ ಹೋಗಲಿ. ಪ್ರತಿ ಹಾಡಿನ ಐಎಸ್‌ಆರ್‌ಸಿ ಕೋಡ್ (ಆ ರೆಕಾರ್ಡಿಂಗಿನ ಗುರುತು) ಬರೆದಿಟ್ಟುಕೊಳ್ಳಿ, 12 ಅಕ್ಷರ-ಅಂಕಿ ಇರುತ್ತೆ. ಮುಂದೆ ಡಿಸ್ಟ್ರಿಬ್ಯೂಟರ್ ಬದಲಾಯಿಸಿದರೆ ಅದೇ ಕೋಡ್ ಹಾಕಿದಾಗಲೇ ಎಷ್ಟು ಸಲ ಕೇಳಿದ್ದಾರೆ ಅನ್ನೋ ಹಳೇ ಲೆಕ್ಕ ಜೊತೆಗೆ ಬರೋದು. ಯಾರು ಬರೆದರು, ಯಾರು ಬೀಟ್ ಮಾಡಿದರು, ಯಾರಿಗೆ ಎಷ್ಟು ಅಂತ ರೆಕಾರ್ಡಿಂಗ್ ದಿನವೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ, ಎಷ್ಟೇ ಜೀವದ ಗೆಳೆಯರಾದರೂ ಸರಿ. ಲೇಬಲ್ ಬೇಡ ಅಂತಿಲ್ಲ, ಒಳ್ಳೆಯವರೂ ಇದ್ದಾರೆ. ಆದರೆ ರಾತ್ರೋರಾತ್ರಿ ಸಹಿ ಕೇಳಿದರೆ ಕೊಡಬೇಡಿ, ಇಂಗ್ಲಿಷ್ ಅರ್ಥ ಆಗದಿದ್ದರೆ ಬಲ್ಲವರನ್ನ ಕೇಳಿ. ನಮ್ಮಲ್ಲಿ ಎಲ್ಲರಿಗೂ ಕೇಳೋಕೆ ನಾಚಿಕೆ ಆಗಿತ್ತು, ಅದೇ ಮುಳುಗಿಸಿತು.

ನೋಟಿಸ್ ತಲುಪಿ ಎರಡು ತಿಂಗಳಾಯಿತು, ಇನ್ನೂ ಉತ್ತರ ಇಲ್ಲ. ಉಳಿದ ಐದು ಹಾಡಿನ ಕೆಳಗೆ ಇವತ್ತಿಗೂ ಲೇಬಲ್ ಹೆಸರೇ ಇದೆ. ನಿಮಗೂ ಇಂಥ ಪಿಡಿಎಫ್ ಬಂದಿದ್ದರೆ ನಮಗೆ ಕಳಿಸಿ, ನಮ್ಮದರ ಪಕ್ಕ ಇಟ್ಟು ಸಾಲು ಸಾಲಾಗಿ ಓದೋಣ.