ಜರ್ಮನ್ ತತ್ವಜ್ಞಾನಿ ಹೆಗೆಲ್ ತರ್ಕದ ಬಗ್ಗೆ ಬರೆದ ಎರಡು ಕೃತಿಗಳಲ್ಲಿ ದೊಡ್ಡ ಲಾಜಿಕ್ ಓದಬೇಕಾ, ಚಿಕ್ಕದಾ?

ಡಯಲೆಕ್ಟಿಕ್ಸ್, ಅಂದರೆ ವಿರೋಧಗಳ ಮೂಲಕ ಯೋಚನೆ ಮುಂದೆ ಸಾಗುವ ವಿಧಾನ, ಕಲಿಯಬೇಕು ಅಂತ ಹೊರಟಿದ್ದರೆ ಚಿಕ್ಕದರಿಂದಲೇ ಶುರು ಮಾಡಿ. 1817ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಪಾಠ ಮಾಡಲೆಂದೇ ಹೆಗೆಲ್ ಹೊರತಂದ ತತ್ವಶಾಸ್ತ್ರದ ವಿಶ್ವಕೋಶದ ಮೊದಲ ಭಾಗ ಇದು. ಪ್ಯಾರಾಗಳಿಗೆ ನಂಬರ್ ಇದೆ. 1830ರ ಆವೃತ್ತಿಯಲ್ಲಿ 79ರಿಂದ 82ರವರೆಗೆ ನಿಧಾನವಾಗಿ ಓದಿ: ಬುದ್ಧಿ ಮೊದಲು ಒಂದು ವಿಷಯವನ್ನು ಬಿಡಿಯಾಗಿ, ಗಟ್ಟಿಯಾಗಿ ಹಿಡಿಯುತ್ತದೆ, ಆಮೇಲೆ ಆ ವಿಷಯ ತನ್ನ ಮಿತಿಯಿಂದಲೇ ತನ್ನ ವಿರುದ್ಧಕ್ಕೆ ಹೊರಳುತ್ತದೆ, ಕೊನೆಗೆ ಎರಡೂ ಒಂದಾಗಿ ಕಾಣುತ್ತವೆ. ಇಡೀ ವಿಧಾನದ ಜೀವ ಇಲ್ಲೇ ಇದೆ.

ದೊಡ್ಡದು 1812ರಿಂದ 1816ರ ನಡುವೆ ಬಂದದ್ದು. ತುಂಬಾ ಕಷ್ಟ, ನಿಜ. ಆದರೆ ಬರೀ 'ಇರುವಿಕೆ' ಹೇಗೆ 'ಇಲ್ಲದಿರುವಿಕೆ' ಆಗಿ, ಅವೆರಡೂ 'ಆಗುವಿಕೆ'ಯಲ್ಲಿ ಸೇರುತ್ತವೆ ಅನ್ನುವುದನ್ನು ವಿವರವಾಗಿ ನೋಡಬೇಕಾದರೆ ಅದೇ ಬೇಕು. ಯೋಚನೆ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಅಲ್ಲಿ ಜಾಸ್ತಿ ಕಾಣುತ್ತದೆ. ಜೊತೆಗೆ ಓದುವವರು ಸಿಕ್ಕರೆ ಅದಕ್ಕೆ ಕೈ ಹಾಕಿ.

ಥೀಸಿಸ್–ಆಂಟಿಥೀಸಿಸ್–ಸಿಂಥೆಸಿಸ್ (ವಾದ–ಪ್ರತಿವಾದ–ಸಮನ್ವಯ) ಅನ್ನುವ ಸೂತ್ರವನ್ನು ಮಾತ್ರ ಎರಡರಲ್ಲೂ ಹುಡುಕಬೇಡಿ, ಹೆಗೆಲ್ ತನ್ನ ವಿಧಾನಕ್ಕೆ ಆ ಹೆಸರು ಕೊಟ್ಟಿಲ್ಲ.